ಕಿವಿಗಿಟ್ಟು ಅಲ್ಲಾಡಿಸಿದ ಬಿಯರ್

ನನ್ನ ನಾಲಗೆಯ ಬಗ್ಗೆ ನನಗೆ ಮೊದಲಿನಿಂದಲೂ ಬಹಳ ಗೌರವ. ಸಾರಿಗೆ ನಾಲ್ಕು ಕಾಳು ಮೆಂತ್ಯ ಹೆಚ್ಚು ಬಿದ್ದರೂ ಹೇಳಿಬಿಡುತ್ತೇನೆ. ತುರುವೇಕೆರೆಯ ಮಹಿಳಾ ಸಮಾಜದವರು ಅಡುಗೆ ಸ್ಪರ್ಧೆಗೆ ಎರಡು ಸಲ ನನ್ನನ್ನೇ ತೀರ್ಪುಗಾರ್ತಿಯಾಗಿ ಕರೆದಿದ್ದಾರೆ. ಹೀಗಿರುವಾಗ ನನ್ನ ಮೈದುನ ಗಿರೀಶ ಫೋನ್ ಮಾಡಿ, ಅತ್ತಿಗೆ, ಒಂದು ಬಿಯರ್ ರುಚಿ ನೋಡಿ ವರದಿ ಬರೆದುಕೊಡಿ ಅಂದಾಗ ನಾನು ಅಷ್ಟೇನೂ ಗಾಬರಿಯಾಗಲಿಲ್ಲ. ಜೀವಮಾನದಲ್ಲಿ ಬಿಯರ್ ಕುಡಿದಿಲ್ಲ ಎಂಬುದು ಒಂದು ಸಣ್ಣ ಕೊರತೆ, ಅಷ್ಟೆ.

ಗಿರೀಶ ತುಮಕೂರಿನ ಆಚೆ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಅತ್ತೆಯ ಪಾಲಿಗೆ ಮಾತ್ರ ಅದು ಶರಬತ್ತಿನ ಫ್ಯಾಕ್ಟರಿ. ಅಲ್ಲಿ ಮೂರು ವರ್ಷ ದುಡಿದ ಮೇಲೆ ಮೊದಲ ಸಲ ತನ್ನದೇ ಲೆಕ್ಕಾಚಾರದಲ್ಲಿ ಒಂದು ಬಿಯರ್ ಮಾಡಿದ್ದನಂತೆ. ಇಂಡಿಯಾ ಪೇಲ್ ಏಲ್ ಅಂತ ಅದರ ಜಾತಿ. ಅದಕ್ಕೆ ನಮ್ಮ ಸೀಮೆಯ ಹುರಿದ ಕೊಬ್ಬರಿ ಸೇರಿಸಿದ್ದು ಅವನ ಕೈಚಳಕ. ಹೊರಗಿನ ಐದು ಜನ ಕುಡಿದು ಸೈ ಅಂದರೆ ಮಾತ್ರ ಮಾರಾಟಕ್ಕೆ, ಇಲ್ಲದಿದ್ದರೆ ಮೋರಿಗೆ ಎಂದು ಮಾಲೀಕರು ಹೇಳಿದ್ದರು.

"ಅತ್ತಿಗೆ, ಮುಲಾಜು ಬೇಡ. ನಿಜ ಬರೀರಿ," ಅಂದಿದ್ದ. ದನಿಯಲ್ಲಿ ಪರೀಕ್ಷೆಯ ಹುಡುಗನ ಅಳುಕಿತ್ತು.

ಎರಡು ಕ್ಯಾನು, ಒಂದು ಫಾರಂ ಬಂದವು. ಹೆಸರಿನಲ್ಲಿ ಇಂಡಿಯಾ ಇದ್ದದ್ದು ಧೈರ್ಯ ಕೊಟ್ಟಿತು. ಪೇಲ್ ಎಂದರೆ ತಿಳಿ ಬಣ್ಣ ಎಂದು ಕಾನ್ವೆಂಟಿನಲ್ಲಿ ಕಲಿತಿದ್ದೆ. ತಿಳಿಸಾರಿನಷ್ಟೇ ಸಾಧು ಇರಬೇಕು ಎಂದುಕೊಂಡೆ. ಕ್ಯಾನಿನ ಚೀಟಿಯ ಮೂಲೆಯಲ್ಲಿ ಬಹಳ ಸಣ್ಣ ಅಕ್ಷರದಲ್ಲಿ ಅದರ ಕಸುವು ಎಷ್ಟು ಪರ್ಸೆಂಟ್ ಎಂದು ಬರೆದಿತ್ತು. ಸಣ್ಣ ಅಕ್ಷರ ಓದದೆ ಬಿಡುವವಳಲ್ಲ ನಾನು. ಓದಿದೆ. ಅರ್ಥವಾಗಲಿಲ್ಲ.

ಶನಿವಾರ ಅತ್ತೆ ಚಿಕ್ಕನಾಯಕನಹಳ್ಳಿಗೆ ಬೀಗರೂಟಕ್ಕೆ ಹೊರಟರು. ನಮ್ಮವರು ತೋಟದಲ್ಲಿ ಕಾಯಿ ಸುಲಿಸುತ್ತಿದ್ದರು. ಜೊತೆಗೆ ಕೂರಿ ಎಂದು ಕರೆದರೆ, "ನನಗೆ ಕಾಫಿಗೆ ಸಕ್ಕರೆ ಹಾಕಿದ್ಯೋ ಇಲ್ವೋ ಅಂತಾನೇ ಗೊತ್ತಾಗಲ್ಲ, ನನ್ನ ಬುಡು," ಎಂದು ನಡೆದರು.

ರುಚಿ ನೋಡುವ ಮುಂಚೆ ಖಾರ, ಮಸಾಲೆ ತಿಂದಿರಬಾರದು ಎಂದು ಫಾರಂನಲ್ಲಿ ಸೂಚನೆಯಿತ್ತು. ನಮ್ಮ ಮನೆಯಲ್ಲಿ ಖಾರ, ಮಸಾಲೆ ಕಳೆದರೆ ಉಳಿಯುವುದು ನೀರು. ಆದ್ದರಿಂದ ಬೆಳಗಿನಿಂದ ಉಪವಾಸವಿದ್ದೆ. ಸ್ಕೇಲ್ ಇಟ್ಟು ಫಾರಂಗೆ ಅಂಚಿನ ಗೆರೆ ಎಳೆದೆ. ಶೋಕೇಸಿನಿಂದ ಗಾಜಿನ ಲೋಟ ಇಳಿಸಿ ಒರೆಸಿದೆ. ನಡುಮನೆಯಲ್ಲಿ ಕುಳಿತು ಮೊದಲ ಕ್ಯಾನನ್ನು ಕೈಗೆತ್ತಿಕೊಂಡೆ.

ಈಗ ಮುಂದಿನದನ್ನು ಹೇಳಲೇಬೇಕು. ನಮ್ಮ ಕಡೆ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಒಡೆಯುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಮಾಲು ಸರಿಯಾಗಿದೆ ಎಂದರ್ಥ. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಈ ಕೈ ಎಷ್ಟು ಸಾವಿರ ಕಾಯಿ ಅಲ್ಲಾಡಿಸಿದೆಯೋ! ಕೊಬ್ಬರಿಯ ಬಿಯರ್ ಎಂದು ತಲೆಯಲ್ಲಿ ಕೂತಿತ್ತು. ಕೈ ತಾನಾಗಿಯೇ ಕ್ಯಾನನ್ನು ಕಿವಿಗೆ ಒಯ್ದು ಚೆನ್ನಾಗಿ ಅಲ್ಲಾಡಿಸಿತು. ಸದ್ದು ಬರಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿತು. ಆಮೇಲೆ ಉಂಗುರ ಎಳೆದೆ.

ಬುಸ್ಸೆಂದಿತು!

ಕಣ್ಣು ಬಿಟ್ಟಾಗ ಬಿಯರ್ ಸೂರಿನಲ್ಲಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಒದ್ದೆಯಾಗಿತ್ತು. ಬದುಕಿದ್ದಾಗ ಒಂದು ಹನಿ ಮುಟ್ಟದ ನಮ್ಮ ಮಾವನವರ ಫೋಟೋದ ಗಾಜಿನ ಮೇಲೆ ನೊರೆ ಮೀಸೆಯ ತನಕ ಇಳಿಯುತ್ತಿತ್ತು. ಸೆರಗಿನಿಂದ ಒರೆಸಿದೆ. ಈಗ ಸೆರಗೂ ಬಿಯರ್ ಆಯಿತು.

ಎರಡನೆಯ ಕ್ಯಾನನ್ನು ಹಸುಗೂಸಿನಂತೆ ಎತ್ತಿ ತೆರೆದೆ. ಬಣ್ಣ ಹಳೇ ಬೆಲ್ಲದ ಪಾಕದ್ದು. ಮೊದಲ ಗುಟುಕಿಗೆ ಬೇವಿನೆಲೆ ಮತ್ತು ಕಿತ್ತಳೆ ಸಿಪ್ಪೆಯನ್ನು ಒಟ್ಟಿಗೆ ಅರೆದು ಕುಡಿಸಿದಂತಾಗಿ ಮುಖ ಮಡಚಿಕೊಂಡಿತು. ಒಂದು ಗುಟುಕಿಗೆ ತೀರ್ಪು ಕೊಡುವುದು ನ್ಯಾಯವಲ್ಲ. ಎರಡನೆಯದು ಕುಡಿದೆ. ನಾಲ್ಕನೆಯದಕ್ಕೆ ಕಹಿಯಲ್ಲೂ ಒಂದು ದೊಡ್ಡತನ ಕಂಡಿತು. ಅರ್ಧ ಲೋಟಕ್ಕೆ ನಡುಮನೆಯ ನೆಲ ಮೆತ್ತಗಾಗಿ, ಗಿರೀಶನ ಮೇಲೆ ಅಪಾರ ವಾತ್ಸಲ್ಯ ಉಕ್ಕಿತು.

ಆಗಲೇ ಆ ವಾಸನೆ ಸಿಕ್ಕಿದ್ದು. ಕಹಿಯ ಹಿಂದೆ, ಎಲ್ಲೋ ಆಳದಲ್ಲಿ, ಬಹಳ ಪರಿಚಯದ್ದು. ಅಜ್ಜಿಯ ಮನೆಯ ಅಟ್ಟ, ಮೂಲೆಯ ಗೋಣಿಚೀಲ, ಹಳೇ ಎಣ್ಣೆಯ ಭರಣಿ ಎಲ್ಲ ಕಣ್ಮುಂದೆ ಬಂದವು. ಫಾರಂನಲ್ಲಿ ವಾಸನೆಗೆ ಎರಡು ಗೆರೆ ಜಾಗವಿತ್ತು. ನಾನು ಹನ್ನೊಂದು ಗೆರೆ ಬರೆದೆ, ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯಗಳಲ್ಲಿ. ಕಳೆದುಹೋದ ಬಾಲ್ಯವನ್ನು ಮರಳಿ ಕೊಡುವ ಪರಿಮಳ ಎಂದೆಲ್ಲ. ಅಂಕ ಹತ್ತಕ್ಕೆ ಹತ್ತು. ಫೋಟೋ ತೆಗೆದು ಗಿರೀಶನಿಗೆ ಕಳಿಸಿದೆ. ಅವನು ಆರು ಸಲ ಕೈಮುಗಿದ.

ಅಷ್ಟರಲ್ಲಿ ನಾಲ್ಕು ಗಂಟೆಯ ಬಸ್ಸಿಗೆ ಅತ್ತೆ ಬಂದರು. ಬಾಗಿಲಲ್ಲೇ ನಿಂತು ಸೂರು ನೋಡಿದರು. ಮಾವನವರ ಫೋಟೋ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಸುಳ್ಳು ಹೇಳೋಣವೆಂದರೆ ನಾಲಗೆ ಭಾರವಾಗಿತ್ತು. ನಿಜ ಚಿಕ್ಕದಾಗಿರುತ್ತದೆ, ಅದನ್ನೇ ಹೇಳಿದೆ.

"ಮಾವನವರ ಫೋಟೋಗೆ ಹೀಗಾಯ್ತಲ್ಲ ಅಂತ ಬೇಜಾರು ಅತ್ತೆ. ಪಾಪ, ಒಂದು ಹನಿ ಮುಟ್ಟದವರು."

"ಮುಟ್ಟದೋರು ಅಂತ ನಿಂಗ್ಯಾರೇ ಹೇಳಿದ್ದು?" ಅಂದರು ಅತ್ತೆ.

ಲೋಟ ಎತ್ತಿ ಮೂಸಿದರು. ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು, ಎಣ್ಣೆ ನೋಡುವಂತೆ ಉಜ್ಜಿ, ಮತ್ತೆ ಮೂಸಿದರು. ನಾಲಗೆಯ ತುದಿಗೆ ಮುಟ್ಟಿಸಿದರು.

"ಕೊಬ್ಬರಿ ಕಮಟು ಕಣೇ. ಯಾವನೋ ಹಳೇ ಮಾಲು ಕೊಟ್ಟು ಟೋಪಿ ಹಾಕವ್ನೆ ನಿನ್ ಮೈದುನಂಗೆ. ನೀನೇನು ಬರ್ದೆ?"

ನನ್ನ ಅಮಲು ಅಲ್ಲಿಗೆ ಇಳಿಯಿತು. ಅಜ್ಜಿಯ ಅಟ್ಟ, ಗೋಣಿಚೀಲ, ಹಳೇ ಎಣ್ಣೆಯ ಭರಣಿ. ಮೂಗು ಪಾಪ ಸರಿಯಾಗಿಯೇ ಕೂಗಿ ಹೇಳಿತ್ತು. ನಾನು ಕಮಟಿಗೆ ಹನ್ನೊಂದು ಗೆರೆ ಹಾಡಿ ಹೊಗಳಿದ್ದೆ.

"ಹತ್ತಕ್ಕೆ ಹತ್ತು, ಅತ್ತೆ."

"ಫೋನ್ ಮಾಡು ಅವಂಗೆ."

ಅವ್ವನ ದನಿ ಕೇಳಿ ಗಿರೀಶ ಶರಬತ್ತಿನ ವಿಷಯ ಎತ್ತಲು ಹೋದ. ಅವನು ಊರಿಗೆ ಬಂದಾಗಲೆಲ್ಲ ಅಂಗಿ ಒಗೆಯುವುದು ತಾವೇ, ವಾಸನೆ ಮೂರು ವರ್ಷದಿಂದ ಗೊತ್ತು ಎಂದು ಅತ್ತೆ ಅದನ್ನು ಅಲ್ಲಿಗೇ ಮುಗಿಸಿದರು. ಆಮೇಲೆ ಕೊಬ್ಬರಿ ಚೀಲದ ತಳ ನೋಡಲು ಹೇಳಿದರು. ಅವನು ಹೋಗಿ ತಳಕ್ಕೆ ಕೈ ಹಾಕಿದ. ಒಂದು ಚೂರು ತೆಗೆದು ಮೂಸಿದ್ದು ಫೋನಿನಲ್ಲೇ ಕೇಳಿಸಿತು.

"ಹೌದು ಕಣವ್ವ," ಅಂದ ಕೊನೆಗೆ.

ವರದಿಗಳು ಮಾಲೀಕರ ಮುಂದೆ ಹೋಗುವ ಮುಂಚೆಯೇ ಆ ಬಿಯರನ್ನು ಅವನೇ ವಾಪಸು ತೆಗೆದುಕೊಂಡು ಇನ್ನೊಂದು ಅವಕಾಶ ಕೇಳಿದ. ಎರಡನೆಯ ಸಲಕ್ಕೆ ಕೊಬ್ಬರಿ ನಮ್ಮ ಅಟ್ಟದಿಂದ ಹೋಯಿತು. ಒಂದೊಂದು ಕಾಯಿಯನ್ನೂ ಅತ್ತೆ ತಮ್ಮ ಕಿವಿಗೇ ಇಟ್ಟು ಅಲ್ಲಾಡಿಸಿ ಆರಿಸಿದರು. ಚೀಲದ ಬಾಯಿ ಹಿಡಿದುಕೊಳ್ಳುವ ಕೆಲಸ ನನಗೆ ಸಿಕ್ಕಿತು.

ತಿಂಗಳಾದ ಮೇಲೆ ಮತ್ತೆ ಎರಡು ಕ್ಯಾನು, ಒಂದು ಫಾರಂ ಬಂದವು. ಫಾರಂ ಅತ್ತೆಯ ಹೆಸರಿಗಿತ್ತು. ಕ್ಯಾನಿಗೆ ಅಂಟಿಸಿದ ಚೀಟಿ ಮಾತ್ರ ನನಗೆ: "ಅತ್ತಿಗೆ, ದಯವಿಟ್ಟು ಅಲ್ಲಾಡಿಸಬೇಡಿ."

ಅತ್ತೆ ಎರಡು ಚಮಚ ಕುಡಿದು, "ಪರವಾಗಿಲ್ಲ, ಕಹಿ ಒಂಚೂರು ಕಮ್ಮಿ ಮಾಡ್ಲಿ, ಆರು ಹಾಕು," ಅಂದರು. ನಮ್ಮ ಅತ್ತೆ ನನ್ನ ಒಬ್ಬಟ್ಟಿಗೆ ಇವತ್ತಿನವರೆಗೂ ಐದು ದಾಟಿಲ್ಲ. ಮಾಲೀಕರು ಐದೂ ಫಾರಂ ಓದಿ, ಈ ಆರನ್ನೇ ಹೆಚ್ಚು ನಂಬಿ, ಗಿರೀಶನ ಬಿಯರನ್ನು ಮಾರಾಟಕ್ಕೆ ಬಿಟ್ಟರಂತೆ.

ಆ ವರದಿಯಲ್ಲಿ ನನ್ನ ಪಾಲೂ ಇದೆ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಇಂಗ್ಲಿಷ್ ನನ್ನದು. ಸ್ಕೇಲ್ ಇಟ್ಟು ಎಳೆದ ಅಂಚಿನ ಗೆರೆಯೂ ನನ್ನದೇ. ಗೆರೆ ಸ್ವಲ್ಪ ಓರೆಯಾಗಿದೆ. ಆವತ್ತು ನಾನು, ನಮ್ಮ ಮಾವನವರ ಹಾಗೆ, ಒಂದು ಹನಿಯನ್ನೂ ಮುಟ್ಟಿರಲಿಲ್ಲ.