ಮರುಳಪ್ಪ ಬ್ಯಾಟರಿ ಎಬ್ಬಿಸಿದ್ದು

ಮರುಳಪ್ಪ: ಸತ್ತೈತಿ ಅಂದ್ರ ಸತ್ತೈತಿ. ಇನ್ನೆಷ್ಟು ಸಲ ಹೇಳ್ಲಿ?

ಬಸವರಾಜೇಶ್ವರಿ: ನಿನ್ನೆ ಸಂಜಿಗೆ ಹಾರ್ನ್ ಒತ್ತಿದ್ರ ಓಣ್ಯಾಗಿನ ನಾಯಿ ಎಲ್ಲಾ ಎದ್ದು ಓಡಿದ್ವಲ್ರಿ!

ಮರುಳಪ್ಪ: ಮನುಷ್ಯಾರೂ ಹಂಗ. ಸಂಜಿಕ ಚಾ ಕುಡದು ಚಲೋನ ಮಾತಾಡಿರ್ತಾರ. ಬೆಳಗಾಗದ್ರಾಗ ಹೋಗಿರ್ತಾರ.

ಉಜ್ಜಿನಮ್ಮ: ಲೇ, ಬೆಳಬೆಳಗ್ಗೆ ಸಾವಿನ ಮಾತು ಬ್ಯಾಡೋ. ವಯಸ್ಸಾದಾಕಿ ಇಲ್ಲೇ ಕುಂತೀನಿ.

ರಾಯದುರ್ಗದ ಆ ಓಣಿಯ ಕೊನೆಯಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನ ಪಕ್ಕದ ತಗಡಿನ ಚಪ್ಪರದಡಿ, ಬಿಳಿ ಕಾರೊಂದು ಮನೆಯ ಪಡಸಾಲೆಗೆ ಮುಖಮಾಡಿ, ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಕಟ್ಟೆಯ ಮೇಲೆ ಮರುಳಪ್ಪನ ತಾಯಿ ಉಜ್ಜಿನಮ್ಮ ಕೂತಿದ್ದಳು. ಶೆಡ್ಡು ಮರುಳಪ್ಪನದು. ಕಾರೂ ಅವನದೇ. ಆದರೆ ಓಡಿಸಲು ಅವನಿಗೆ ಬರುತ್ತಿರಲಿಲ್ಲ. ಕೊಂಡ ಹೊಸತರಲ್ಲಿ ಒಂದೇ ಒಂದು ಸಲ ಸ್ಟೀರಿಂಗಿನ ಮುಂದೆ ಕೂತು ಎದುರುಮನೆ ಕೊಟ್ರಮ್ಮನ ನೀರಿನ ಡ್ರಮ್ಮಿಗೆ ಗುದ್ದಿದ ಮೇಲೆ, ಯಜಮಾನನಾದವನು ಹಿಂದೆ ಕೂರುವುದೇ ಲಕ್ಷಣ ಎಂಬ ತೀರ್ಮಾನಕ್ಕೆ ಬಂದಿದ್ದ. ಎಲ್ಲಿಗೆ ಹೋಗಬೇಕಾದರೂ ಬಾಡಿಗೆ ಡ್ರೈವರ್ ಬರುತ್ತಿದ್ದ.

ಹೀಗಿರುವಾಗ ಹೆಂಡತಿ ಬಸವರಾಜೇಶ್ವರಿ ಡ್ರೈವಿಂಗ್ ಕಲಿತಳು. ಕಲಿತರೆ ಕಲಿಯಲಿ, ಅದೊಂದು ಹುಚ್ಚು ಎಂದು ಅವನು ಸುಮ್ಮನಿದ್ದ. ಆದರೆ ಹೋದ ವಾರ ಲೈಸೆನ್ಸೂ ಬಂದುಬಿಟ್ಟಿತು. ನಾಳೆ ಬೆಳಗ್ಗೆ ಮಡಕಶಿರಾದಲ್ಲಿ ಅವಳ ತಂಗಿ ನಾಗವೇಣಿಯ ಮನೆಯ ಗೃಹಪ್ರವೇಶ. ಇವತ್ತು ಮಧ್ಯಾಹ್ನ ಹೊರಟು, ಕಾರನ್ನು ತಾನೇ ಓಡಿಸಿಕೊಂಡು ಬರುತ್ತೇನೆಂದು ತಂಗಿಗೆ ಮಾತು ಕೊಟ್ಟಿದ್ದಳು.

ಮಡಕಶಿರಾದವರು ನೋಡಿದರೆ ಮರುಳಪ್ಪನಿಗೆ ಚಿಂತೆಯಿರಲಿಲ್ಲ. ಅಲ್ಲಿ ಅವನನ್ನು ಬಲ್ಲವರು ಕಡಿಮೆ. ಚಿಂತೆ ರಾಯದುರ್ಗದ ಬಜಾರಿನದು. ಅಲ್ಲಿ ಚಹಾದಂಗಡಿಯ ಮುಂದೆ ಊರಿನ ಟೈಲರುಗಳೆಲ್ಲ ಕೂತಿರುತ್ತಾರೆ. ಹೆಂಡತಿ ಗೇರು ಹಾಕುತ್ತಾ, ತಾನು ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಅವರ ಮುಂದೆ ಸಾಗುವ ಚಿತ್ರ ಕಣ್ಣಿಗೆ ಕಟ್ಟಿ, ನಿನ್ನೆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಆದ್ದರಿಂದ ಮಲಗುವ ಮುಂಚೆ ಮೆಲ್ಲಗೆ ಹೋಗಿ ಕಾರಿನ ಹೆಡ್‌ಲೈಟು ಹಾಕಿ ಬಂದ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಸ್ವಿಚ್ಚು ಆರಿಸಿದ. ಆರಿಸುವಾಗ ದೀಪ ಆಗಲೇ ಆರಿತ್ತು. ಇಷ್ಟು ನಾಜೂಕಾದ ಕೆಲಸ ಈ ಓಣಿಯಲ್ಲಿ ಇನ್ನೊಬ್ಬರು ಮಾಡಿಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಮರುಳಪ್ಪ: ಈಗೇನಾತು? ಬಸ್ಸಿಗೆ ಹೋದ್ರಾತು. ಕಲ್ಯಾಣದುರ್ಗದಾಗ ಇಳದು ಬ್ಯಾರೆ ಬಸ್ ಹತ್ತೋದು. ನಿಮಗಿಬ್ಬರಿಗೂ ಫ್ರೀ ಬ್ಯಾರೆ.

ಬಸವರಾಜೇಶ್ವರಿ: ಫ್ರೀ ಬಸ್ಸಿನಾಗ ಹೋಗಾಕ ನಾನು ಲೈಸೆನ್ಸ್ ಮಾಡಿಸಿದ್ನೇನ್ರಿ?

ಮರುಳಪ್ಪ: ಲೈಸೆನ್ಸ್ ಎಲ್ಲಿ ಓಡಿ ಹೋಗತೈತಿ? ಪರ್ಸಿನಾಗ ಇಟ್ಕಂಡು ಬಸ್ ಹತ್ತು. ಬೇಡ ಅಂದವ್ರು ಯಾರು?

ಉಜ್ಜಿನಮ್ಮ: ನಾನಂತೂ ಬಸ್ಸು ಹತ್ತಾಕಿಲ್ಲಪ್ಪ. ಹೋದ ಸಲ ಅದರ ಮೆಟ್ಲು ಹತ್ತಾಕ ಇಬ್ರು ಮ್ಯಾಲೆ ಎಳದು, ಒಬ್ಬ ಕೆಳಗಿಂದ ನೂಕಿದ. ಜೋಳದ ಚೀಲ ಆಗಿದ್ದೆ ನಾನು.

ಬಸವರಾಜೇಶ್ವರಿ ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದಳು. ಮರುಳಪ್ಪ ಗೆದ್ದೆನೆಂದುಕೊಂಡು ಬಾನೆಟ್ಟು ಮುಚ್ಚಲು ಕೈ ಹಾಕುವಷ್ಟರಲ್ಲಿ ಅವಳು ಕಬ್ಬಿಣದ ಡಬ್ಬವೊಂದನ್ನು ಸೊಂಟದ ಮೇಲೆ ಕೊಡದಂತೆ ಹೊತ್ತು ವಾಪಸು ಬಂದಳು.

ಮರುಳಪ್ಪ: ಏನದು?

ಬಸವರಾಜೇಶ್ವರಿ: ಚಾರ್ಜರ್. ಬೊಮ್ಮಣ್ಣನ ಮನಿಯಾಗಿಂದ ತಂದೆ. ಅವ್ರು ಟ್ರ್ಯಾಕ್ಟರ್ ಬ್ಯಾಟರಿಗೆ ಮನಿಯಾಗ ಚಾರ್ಜ್ ಹಾಕ್ತಾರ.

ಮರುಳಪ್ಪ: ಹುಚ್ಚೇನು ನಿನಗ? ಟ್ರ್ಯಾಕ್ಟರಿಗೆ ಹಾಕೋದು ಕಾರಿಗೆ ನಡಿತೈತೇನು?

ಬಸವರಾಜೇಶ್ವರಿ: ಯಾಕ, ಟ್ರ್ಯಾಕ್ಟರ್ ಕರೆಂಟು ಕುಡದ್ರ ಕಾರು ಹೊಲಕ್ಕ ಹೋಗತೈತೇನ್ರಿ?

ಉಜ್ಜಿನಮ್ಮ: ಹಾಕಿ ನೋಡೋ. ಶೆಡ್ಡಿನಾಗಿನ ಇನ್ವರ್ಟರ್ ಬ್ಯಾಟರಿ ನಾನ ನೋಡ್ಕಂತೀನಿ, ಬ್ಯಾಟರಿ ವಿಷಯದಾಗ ನನಗ ಯಾರೂ ಹೇಳೋದು ಬ್ಯಾಡ ಅಂತ ದಿನಾ ಅಂತಿರ್ತೀಯಲ್ಲ.

ಹೌದು, ಅಂತಿದ್ದ. ಆ ಮಾತು ಈಗ ಬಂದು ಕೊರಳಿಗೆ ಬಿತ್ತು. ಆದರೆ ಕೆಲಸ ಮಾಡುವುದು ಬೇರೆ, ಕೆಲಸ ಆಗುವುದು ಬೇರೆ. ಮಾಡಿದಂತೆ ಮಾಡಿ ಆಗಲಿಲ್ಲವೆಂದರೆ ಯಾರು ಕೇಳುತ್ತಾರೆ? ಅವನು ಲುಂಗಿ ಎತ್ತಿ ಕಟ್ಟಿ, ಬಾನೆಟ್ಟಿನೊಳಗೆ ಬಗ್ಗಿ, ಬ್ಯಾಟರಿಯನ್ನು ನೋಡಿದ. ನೋಡಿದವನ ಮುಖ ಅರಳಿತು.

ಮರುಳಪ್ಪ: ಅವ್ವಾ, ಏನಿದು? ಎರಡೂ ತಲಿಗೆ ವಿಭೂತಿ ಬಳದೀಯಲ್ಲ!

ಉಜ್ಜಿನಮ್ಮ: ಆಯುಧ ಪೂಜಿ ದಿನ ಹಚ್ಚಿದ್ದೆ. ಮಿಷಿನ್ನಿಗೂ ಹಚ್ಚಿದ್ದೆ, ಕತ್ರಿಗೂ ಹಚ್ಚಿದ್ದೆ. ಕಾರಿನ ಜೀವ ಇಲ್ಲೇ ಇರ್ತೈತಿ ಅಂತ ಡ್ರೈವರ್ ಹುಡುಗ ತೋರ್ಸಿದ. ಅದಕ್ಕ ಇದಕ್ಕ ಒಂದೀಟು ಜಾಸ್ತಿ ಹಚ್ಚಿದೆ.

ಮರುಳಪ್ಪ: ಒಂದು ಕಡಿ ಪ್ಲಸ್ ಇರಬೇಕು, ಒಂದು ಕಡಿ ಮೈನಸ್ ಇರಬೇಕು. ನೀನು ಎರಡೂ ಕಡಿ ಮೂರು ಮೂರು ಗೆರಿ ಎಳದೀ. ಒಂದು ಮೈನಸ್ಸಿಗೇ ಗಾಡಿ ನಿಲ್ತೈತಿ, ಇಲ್ಲಿ ಆರು ಮೈನಸ್ ಅದಾವ!

ಉಜ್ಜಿನಮ್ಮ: ಶಿವನ ಹಣಿ ಮ್ಯಾಲಿರೋದು ನಿನಗ ಮೈನಸ್ಸೇನೋ, ನನ್ನ ಮಗನ?

ಬಸವರಾಜೇಶ್ವರಿ: ಒರಸಿದ್ರಾತಲ್ರಿ.

ಉಜ್ಜಿನಮ್ಮ: ಒದ್ದಿ ಬಟ್ಟೀಲಿ ಒರಸಬ್ಯಾಡಮ್ಮ. ವಿಭೂತಿನ ಬೆರಳಿಲಿ ತಗದು ಹಣಿಗೆ ಹಚ್ಕಬೇಕು.

ಮರುಳಪ್ಪ ಹಚ್ಚಿಕೊಂಡ. ವಿಭೂತಿಯ ಜೊತೆ ಬ್ಯಾಟರಿಯ ಮಸಿಯೂ ಹಣೆಗೆ ಹತ್ತಿತು. ಕೆಳಗೆ ಗುರುತುಗಳು ಕಂಡವು. ಆದರೆ ಅವುಗಳ ಸುತ್ತ ಬಿಳಿ, ಹಸಿರು ಬೂಷ್ಟು ತೇವದ ಗೋಡೆಯ ಉಪ್ಪಿನಂತೆ ಹೂಬಿಟ್ಟಿತ್ತು. ಇಂಥ ಬೂಷ್ಟಿನ ಮೇಲೆ ಕ್ಲಿಪ್ಪು ಸಿಕ್ಕಿಸಿದರೆ ಕರೆಂಟು ಒಳಗೆ ಇಳಿಯುವುದಿಲ್ಲವೆಂದು ಇನ್ವರ್ಟರ್ ಸಾಕಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ, ಬಹಳ ಗಂಭೀರವಾಗಿ, ಬೂಷ್ಟಿನ ಮೇಲೆಯೇ ಕ್ಲಿಪ್ಪು ಸಿಕ್ಕಿಸಿದ. ಸ್ವಿಚ್ಚು ಹಾಕಿದ. ಚಾರ್ಜರಿನ ಮುಳ್ಳು ಅಲುಗಲಿಲ್ಲ.

ಮರುಳಪ್ಪ: ನೋಡಿದ್ಯಾ? ತಗಳ್ಳಾಕ ಒಲ್ಲದು. ಬಾಯಿಗೆ ನೀರು ಬಿಟ್ರೂ ಕುಡಿವಲ್ಲದು. ಮುಗೀತು ಇದರ ಕತಿ.

ಬಸವರಾಜೇಶ್ವರಿ: ಹಂಗಾರ ಮಾರೇಶಗ ಫೋನ್ ಮಾಡ್ತೀನಿ.

ಮರುಳಪ್ಪ: ಯಾವ ಮಾರೇಶಗ?

ಬಸವರಾಜೇಶ್ವರಿ: ಮೆಕಾನಿಕ್ ಮಾರೇಶಗ. ಊರಾಗ ಇನ್ಯಾವ ಮಾರೇಶ ಅದಾನ್ರಿ?

ಮರುಳಪ್ಪ: ಅವನ್ಯಾಕ? ಅವನೇನು ದೊಡ್ಡ ಬ್ಯಾಟರಿ ಬ್ರಹ್ಮನಾ?

ಉಜ್ಜಿನಮ್ಮ: ಕರೀಲಿ ಬಿಡೋ. ನಿನ್ನ ಕೈಲಿ ಆಗಂಗಿಲ್ಲ ಅಂತ ಅವಗ ಮೊದ್ಲ ಗೊತ್ತೈತಿ. ಮರುಳಪ್ಪಣ್ಣ ಬಾನೆಟ್ ತಗೀ ಅಂದ್ರ ಡಿಕ್ಕಿ ತಗದ ಅಂತ ಚಾದ ಅಂಗಡ್ಯಾಗ ಹೇಳ್ಕಂಡು ನಗ್ತಿದ್ನಂತ.

ಮರುಳಪ್ಪ: ಯಾರಂದ್ರು?

ಉಜ್ಜಿನಮ್ಮ: ಎಲ್ಲಾರೂ ಅಂದ್ರು.

ಬಸವರಾಜೇಶ್ವರಿ: ಹಲೋ, ಮಾರೇಶಣ್ಣಾ? ನಮ್ಮ ಮನಿಯವ್ರಿಗೆ ಆಗವಲ್ದು, ನೀವು ಒಂದೀಟು...

ಮರುಳಪ್ಪ: ಇಡು ಫೋನು! ಇಡು ಅಂದೆ! ಯಾರಿಗೆ ಆಗವಲ್ದು?

ಅವನು ಶೆಡ್ಡಿಗೆ ನುಗ್ಗಿದ. ಹೊಸ ಪ್ಯಾಂಟುಗಳ ಮೊಣಕಾಲು ಉಜ್ಜಿ ಸವೆದ ಹಾಗೆ ಕಾಣಿಸಲು ಇಟ್ಟಿದ್ದ ಉಪ್ಪುಕಾಗದದ ಕಟ್ಟನ್ನೂ, ಇನ್ವರ್ಟರಿಗೆ ತಂದಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನನ್ನೂ ಎತ್ತಿಕೊಂಡು ಬಂದ. ಬಂದವನೇ ಚಾರ್ಜರ್ ಆರಿಸಿ, ಕ್ಲಿಪ್ಪು ಕಿತ್ತು, ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ತಂತಿ ಬಿಚ್ಚಿ, ಬ್ಯಾಟರಿಯನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಮೇಲೆ ಕೂರಿಸಿದ.

ಮರುಳಪ್ಪ: ಬಿಸಿನೀರು ತಗಂಬಾ. ಸೋಡಾಪುಡಿ ಹಾಕಿ ತಗಂಬಾ.

ಬಸವರಾಜೇಶ್ವರಿ: ಬಜ್ಜಿಗೆ ಹಾಕೋ ಸೋಡಾನಾ?

ಮರುಳಪ್ಪ: ಅದನ್ನ. ಬೂಷ್ಟು ನೊರಿ ಎದ್ದು ಹೋಗತೈತಿ ನೋಡು. ಮಾರೇಶಗ ಇದು ಗೊತ್ತೈತೇನು ಕೇಳು!

ಉಜ್ಜಿನಮ್ಮ: ಅಲ್ಲೋ, ಹೊಸ ಪ್ಯಾಂಟು ಹಳೇದು ಮಾಡೋ ಕಾಗದದಾಗ ಹಳೇ ಬ್ಯಾಟರಿ ಹೊಸದು ಮಾಡ್ತೀಯೇನು?

ಮರುಳಪ್ಪ: ಕಾಗದ ಒಂದ, ಅವ್ವಾ. ಕೈ ಬ್ಯಾರೆ.

ಬಸವರಾಜೇಶ್ವರಿ: ರೀ, ಆಸಿಡ್ ಹಾರ್ತೈತಿ. ಕೈಗೆ ಗ್ಲೌಸ್ ಹಾಕ್ಕಳ್ರಿ. ಲುಂಗಿ ತೂತು ಬಿದ್ದೈತಿ ನೋಡ್ರಿ.

ಮರುಳಪ್ಪ: ಬೀಳ್ಲಿ ಬಿಡು. ತೂತು ಬಿದ್ದ ಪ್ಯಾಂಟಿಗೆ ಬಳ್ಳಾರ್ಯಾಗ ರೇಟು ಜಾಸ್ತಿ.

ಉಜ್ಜಿ ಉಜ್ಜಿ ಎರಡೂ ತಲೆ ಹೊಸ ನಾಣ್ಯದಂತೆ ಹೊಳೆಯಿತು. ಮುಚ್ಚಳ ತೆಗೆದು ಕಡಿಮೆಯಾದ ನೀರು ತುಂಬಿದ. ಚಾರ್ಜರಿನ ಸ್ವಿಚ್ಚು ಆರಿಸಿದ್ದನ್ನು ಎರಡು ಸಲ ನೋಡಿ, ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಸಿಕ್ಕಿಸಿದ. ಸ್ವಿಚ್ಚು ಹಾಕಿದ. ಮುಳ್ಳು ಒಮ್ಮೆ ನಡುಗಿ ಮೇಲೆದ್ದು ನಿಂತಿತು.

ಮರುಳಪ್ಪ: ಎದ್ದಿತು! ನೋಡ್ರಿ, ಎದ್ದಿತು! ನನಗ ಹೇಳ್ತಾರ!

ಆ ಕ್ಷಣದಿಂದ ಅವನು ಬೇರೆ ಮನುಷ್ಯನಾದ. ಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಬಾಣಂತಿ ಕಾಯುವ ಸೂಲಗಿತ್ತಿಯಂತೆ ಕೂತ. ಬೀಡಿ ಹಚ್ಚಿಕೊಂಡು ನೋಡಲು ಬಂದ ಬೊಮ್ಮಣ್ಣನನ್ನು, ಚಾರ್ಜ್ ಆಗುವ ಬ್ಯಾಟರಿಯ ಹತ್ತಿರ ಬೆಂಕಿ ತರುತ್ತೀಯಾ ಎಂದು ಓಣಿಯ ತುದಿಯವರೆಗೆ ಅಟ್ಟಿದ. ಬಟ್ಟೆ ಒಣಹಾಕಲು ಬಂದ ಕೊಟ್ರಮ್ಮನಿಗೆ, ಬ್ಯಾಟರಿಗೆ ಗಾಳಿ ಬೇಕು, ಸೀರೆ ಅಡ್ಡ ಹಾಕಬೇಡ ಎಂದ. ಶೆಡ್ಡಿನಿಂದ ಟೈಲರೊಬ್ಬ ಬಂದು ದಾರ ಕೇಳಿದರೆ, ಇಲ್ಲಿ ಒಂದು ಜೀವದ ಪ್ರಶ್ನೆ ಇರುವಾಗ ನಿನಗೆ ದಾರವೇ ಎಂದು ರೇಗಿದ.

ಬಸವರಾಜೇಶ್ವರಿ: ಊಟ ಮಾಡ್ಬರ್ರಿ. ಮಧ್ಯಾಹ್ನ ಆತು.

ಮರುಳಪ್ಪ: ಅದು ಉಣ್ಣಾಕತ್ತೈತಿ, ಕಾಣ್ಸಲ್ಲೇನು? ಅದರದು ಮುಗೀಲಿ.

ಉಜ್ಜಿನಮ್ಮ: ನಾನು ಜ್ವರ ಬಂದು ಮಲಗಿದಾಗ ಒಂದು ತಾಸು ಪಕ್ಕದಾಗ ಕುಂದ್ರಲಿಲ್ಲ ನೀನು.

ಮರುಳಪ್ಪ: ನಿನಗ ಮುಳ್ಳು ಎಲ್ಲೈತವ್ವಾ, ನೋಡ್ಕೋತ ಕುಂದ್ರಾಕ?

ತಾನು ಈ ಬ್ಯಾಟರಿಯನ್ನು ಯಾಕೆ ಕೊಂದಿದ್ದೆನೆಂಬುದು ಅವನಿಗೆ ಪೂರ್ತಿ ಮರೆತೇಹೋಗಿತ್ತು. ಅವನ ಕಣ್ಣ ಮುಂದೆ ಇದ್ದದ್ದು ಮಾರೇಶನ ಮುಖ ಒಂದೇ.

ಬಿಸಿಲು ಚಪ್ಪರದಿಂದ ಜಾರಿ ಗೋಡೆಗೆ ಹತ್ತಿದಾಗ ಅವನು ಬ್ಯಾಟರಿಯನ್ನು ಮತ್ತೆ ಕಾರಿನಲ್ಲಿ ಕೂರಿಸಿ, ತಂತಿ ಬಿಗಿದು, ಸೊಂಟ ನೆಟ್ಟಗೆ ಮಾಡಿಕೊಂಡ. ಅಷ್ಟರಲ್ಲಿ ಬಸವರಾಜೇಶ್ವರಿ ಸೀರೆ ಉಟ್ಟು, ಚೀಲ, ಹಣ್ಣಿನ ಬುಟ್ಟಿ ಎಲ್ಲ ಡಿಕ್ಕಿಗೆ ತುಂಬಿ, ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಸ್ಟೀರಿಂಗಿನ ಮುಂದೆ ಕೂತಿದ್ದಳು. ಅವನು ಅದನ್ನು ನೋಡಿದನೇ ಹೊರತು ಅದರ ಅರ್ಥ ತಲೆಗೆ ಹೋಗಲಿಲ್ಲ.

ಮರುಳಪ್ಪ: ತಿರುವು ಕೀಲಿ!

ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮೂರನೆಯದಕ್ಕೆ ಗುರ್ ಎಂದು ಎದ್ದಿತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಟೈಲರುಗಳು ಚಪ್ಪಾಳೆ ತಟ್ಟಿದರು. ಮರುಳಪ್ಪ ಬಾನೆಟ್ಟು ಧಪ್ಪನೆ ಮುಚ್ಚಿ ಕೈಯೆತ್ತಿದ.

ಮರುಳಪ್ಪ: ಕೇಳ್ರಿ ಎಲ್ಲಾರೂ! ಬ್ಯಾಟರಿ ಎಬ್ಬಿಸಿದ್ರ ಆಗಲಿಲ್ಲ. ಒಂದು ಸಲ ಸ್ಟಾರ್ಟ್ ಆದ್ಮ್ಯಾಲ ಒಂದು ತಾಸು ಬಂದ್ ಮಾಡಬಾರದು. ಗಾಡಿ ಓಡ್ತಾ ಇರಬೇಕು. ಓಡಿದಷ್ಟು ಚಾರ್ಜ್ ಆಗತೈತಿ. ಇದು ಮಾರೇಶಗ ಗೊತ್ತಿದ್ರ ನನ್ನ ಹೆಸರು ಬದಲಾಯಿಸ್ರಿ!

ಬಸವರಾಜೇಶ್ವರಿ: ಹಂಗಾರ ಹತ್ರಿ.

ಮರುಳಪ್ಪ: ಎಲ್ಲಿಗೆ?

ಬಸವರಾಜೇಶ್ವರಿ: ಮಡಕಶಿರಾಕ. ಬಂದ್ ಮಾಡಬಾರದು, ಓಡ್ತಾ ಇರಬೇಕು ಅಂತ ಈಗ ನೀವ ಹೇಳಿದ್ರಲ್ರಿ.

ಆಗ ಅವನಿಗೆ ನೆನಪಾಯಿತು. ಬಜಾರು ನೆನಪಾಯಿತು, ಚಹಾದಂಗಡಿ ನೆನಪಾಯಿತು, ನಿನ್ನೆಯ ಮುದ್ದೆ ನೆನಪಾಯಿತು.

ಮರುಳಪ್ಪ: ತಡಿ, ತಡಿ! ಲುಂಗಿ ಮ್ಯಾಲೆ ಅದೀನಿ. ಅಂಗಿ ಹಾಕ್ಕಂಡಿಲ್ಲ. ನೀವು ಮುಂದ ಹೋಗಿರ್ರಿ, ನಾನು ಹಿಂದಿಂದ ಬಸ್ಸಿಗೆ...

ಬಸವರಾಜೇಶ್ವರಿ: ನಿಮ್ಮ ಅಂಗಿ ಪ್ಯಾಂಟು ಚೀಲದಾಗ ಅದಾವ. ದಾರ್ಯಾಗ ಬ್ಯಾಟರಿ ಏನಾರ ಆದ್ರ ನೋಡೋರು ಯಾರು? ಮಾರೇಶಣ್ಣನ್ನ ಕರ್ಕಂಡು ಹೋಗ್ಲೇನು?

ಮರುಳಪ್ಪ ಹತ್ತಿದ. ಹಿಂದಿನ ಸೀಟಿನಲ್ಲಿ, ಬನಿಯನ್ನಿನಲ್ಲಿ, ತೂತುಬಿದ್ದ ಲುಂಗಿಯಲ್ಲಿ, ಹಣೆಯ ಮೇಲೆ ಮಸಿ ಬೆರೆತ ವಿಭೂತಿಯೊಂದಿಗೆ. ಕಾರು ಓಣಿ ಬಿಟ್ಟಿತು. ಕೊಟ್ರಮ್ಮ ಓಡಿಹೋಗಿ ತನ್ನ ಡ್ರಮ್ಮು ಒಳಗೆ ಎಳೆದುಕೊಂಡಳು. ಬಸವರಾಜೇಶ್ವರಿ ಅದರ ಜಾಗವನ್ನು ಮುಟ್ಟದೆ, ಸೂಜಿಗೆ ದಾರ ಪೋಣಿಸಿದಂತೆ ಬಜಾರಿಗೆ ತಿರುಗಿಸಿದಳು.

ಚಹಾದಂಗಡಿಯ ಮುಂದೆ ಎತ್ತಿನ ಗಾಡಿಯೊಂದು ಅಡ್ಡ ಬಂದಿತ್ತು. ಕಾರು ನಿಲ್ಲಲೇಬೇಕಾಯಿತು. ಬಂದ್ ಮಾಡಲಿಲ್ಲ, ಗುರುಗುಟ್ಟುತ್ತಲೇ ನಿಂತಿತು. ಮರುಳಪ್ಪ ಸೀಟಿನಲ್ಲಿ ಎಷ್ಟು ಕೆಳಗೆ ಜಾರಬಹುದೋ ಅಷ್ಟು ಜಾರಿದ. ಗ್ಲಾಸು ಹಿಡಿದ ಕೈಗಳೆಲ್ಲ ಗಾಳಿಯಲ್ಲಿ ನಿಂತವು. ಬೆಂಚಿನ ತುದಿಯಲ್ಲಿ ಕೂತಿದ್ದವನು ಎದ್ದು ಬಂದು ಕಿಟಕಿಗೆ ಬಗ್ಗಿದ. ಮಾರೇಶನೇ.

ಮಾರೇಶ: ಏನು ಮರುಳಪ್ಪಣ್ಣಾ, ಅಕ್ಕಾರು ಗಾಡಿ ಓಡ್ಸಾಕತ್ಯಾರ, ನೀವು ಹಿಂದ ಮುದುಡ್ಕಂಡು ಕುಂತೀರಿ?

ಮರುಳಪ್ಪ ಎದ್ದು ನೆಟ್ಟಗೆ ಕೂತ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇಡೀ ಬಜಾರಿಗೆ ಕೇಳುವಂತೆ ಕೂಗಿದ.

ಮರುಳಪ್ಪ: ಓಡ್ಸೋದು ಏನೈತಲೇ! ಓಡ್ಸೋದು ಯಾರು ಬೇಕಾದ್ರೂ ಓಡಿಸ್ತಾರ! ರಾತ್ರಿ ಸತ್ತಿದ್ದ ಬ್ಯಾಟರಿ ಮನಿಯಾಗ ಕುಂತು ಎಬ್ಬಿಸಿದಾವ ನಾನು! ನಾನೊಬ್ಬನ! ಯಾರ ಸಹಾಯಾನೂ ಇಲ್ಲದಂಗ!

ಬಸವರಾಜೇಶ್ವರಿ ಕನ್ನಡಿಯಲ್ಲಿ ಅವನನ್ನು ನೋಡಿ ಗೇರು ಹಾಕಿದಳು. ಮುಂದಿನ ಕಿಟಕಿಯಿಂದ ಉಜ್ಜಿನಮ್ಮ ಎಲೆಯಡಿಕೆಯ ಬಾಯನ್ನು ಹೊರಗೆ ಚಾಚಿದಳು.

ಉಜ್ಜಿನಮ್ಮ: ಪೂರ್ತಿ ಹೇಳೋ ಮಾರಾಯ. ರಾತ್ರಿ ಲೈಟು ಹಾಕಿ ಅದನ್ನ ಕೊಂದಾವನೂ ನೀನ ಅಲ್ಲೇನು? ಅದಕ್ಕೂ ಯಾರ ಸಹಾಯಾನೂ ಇರಲಿಲ್ಲ. ಪಡಸಾಲ್ಯಾಗ ಮಲಗಿದ್ದ ನನ್ನ ಮುಖಕ್ಕ ಬೆಳಕು ಬಿದ್ದು, ನನಗಂತೂ ಕಣ್ಣಿಗೆ ಕಣ್ಣು ಹತ್ತಿಲ್ಲಪ್ಪ!