ತಣ್ಣಗಾದರೆ ಹೊರಡುವ ಜರ್ಮನ್ ಕಾರು

ವಸ್ತುಗಳ ವಿಷಯದಲ್ಲಿ ನನಗೆ ಸ್ವಂತ ಬುದ್ಧಿ ಎಂಬುದು ಎಂದೂ ಇರಲಿಲ್ಲ. ಯಾವ ದೇಶದ್ದು ಎಂದು ಕೇಳಿ, ಅಷ್ಟಕ್ಕೇ ನಂಬಿಬಿಡುವವನು ನಾನು. ಇದಕ್ಕೆ ಕಾರಣ ನಮ್ಮ ಅಜ್ಜಿ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಜ್ಜಿಯದೊಂದು ಜರ್ಮನ್ ಪಾತ್ರೆ ಇತ್ತು. ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಆ ಹೆಸರು ಹೇಗೆ ಬಂತೋ, ಪ್ರಾಯಶಃ ಜರ್ಮನಿಯವರಿಗೂ ಗೊತ್ತಿರಲಾರದು. ಅದು ಬಿದ್ದು ಬಿದ್ದು ಸೊಟ್ಟಗಾಗಿತ್ತು, ತಳ ಕರ್ರಗಾಗಿತ್ತು, ಆದರೆ ಒಮ್ಮೆಯೂ ಸೋರಿರಲಿಲ್ಲ. ಹಿತ್ತಾಳೆಯ ಬಿಂದಿಗೆಗಳು ಕಲಾಯಿಯವನ ಹತ್ತಿರ ಹೋಗಿ ಬರುತ್ತಿದ್ದಾಗಲೂ ಅದು ಒಲೆ ಬಿಟ್ಟು ಕದಲಿದ್ದಿಲ್ಲ. ಹಾಗಾಗಿ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಚಿತ್ರದುರ್ಗದ ಡಾಕ್ಟರೊಬ್ಬರು ತಮ್ಮ ಸಣ್ಣ ಜರ್ಮನ್ ಕಾರನ್ನು ಮಾರುತ್ತಾರಂತೆ ಎಂದು ಕೇಳಿದಾಗ, ಹೈಸ್ಕೂಲ್ ಮೇಷ್ಟರಾಗಿದ್ದ ನಾನು ಬಾನೆಟ್ಟು ಕೂಡ ಎತ್ತಿ ನೋಡದೆ ಕೊಂಡುಬಿಟ್ಟೆ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಅಜ್ಜಿಯ ಪಾತ್ರೆಯ ಬಾಳಿಕೆ.

ಕಾರಿನ ಬಗ್ಗೆ ಸುಳ್ಳು ಹೇಳಬಾರದು, ಓಡುವಾಗ ಅದು ರಾಜನ ಹಾಗೆ ಓಡುತ್ತಿತ್ತು. ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕುವಾಗ ಒಂದಿಷ್ಟೂ ಸದ್ದಿಲ್ಲ, ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದಂಥ ಗಂಭೀರ ಶಬ್ದ. ಇದ್ದುದು ಒಂದೇ ಕಾಯಿಲೆ. ಎಂಜಿನ್ ಬಿಸಿ ಇರುವಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಪೂರ್ತಿ ತಣ್ಣಗಾದ ಮೇಲೆ, ಏನೂ ನಡೆದೇ ಇಲ್ಲ ಎಂಬಂತೆ ಹೊರಡುತ್ತಿತ್ತು. ಮೆಕ್ಯಾನಿಕ್ಕು ಬರುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು. ಅವನು ಕೀಲಿ ತಿರುಗಿಸಿದ ಕೂಡಲೇ ಅದು ಗುರ್ರೆನ್ನುತ್ತಿತ್ತು, ಅವನು ಕಾರು ಚೆನ್ನಾಗೈತಲ್ಲ ಸಾರ್ ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಎಲ್ಲಿಗೆ ಹೋದರೂ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ತರಕಾರಿ ಕೊಳ್ಳುವಾಗ, ಕ್ಷೌರ ಮಾಡಿಸಿಕೊಳ್ಳುವಾಗ, ಒಮ್ಮೆ ಹೊರಕೆರೆದೇವಪುರದಲ್ಲಿ ದೇವರಿಗೆ ಕೈಮುಗಿಯುವಾಗಲೂ ಅದು ಹೊರಗೆ ಗೊರಗುಟ್ಟುತ್ತ ನಿಂತಿರುತ್ತಿತ್ತು. ಮೇಷ್ಟರಿಗೆ ಭಾರಿ ಅವಸರ ಎಂದು ಊರವರು ತಿಳಿದಿದ್ದರು.

ಆಗ ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೆಣ್ಣು ನೋಡುವ ಉಸ್ತುವಾರಿಯೆಲ್ಲ ನಮ್ಮ ದೊಡ್ಡಪ್ಪನದು. ಅವರಿಗೆ ಮದುವೆಗಿಂತ ಹೆಣ್ಣು ನೋಡುವುದೇ ಹೆಚ್ಚು ಇಷ್ಟ ಎಂದು ನನಗೆ ತಿಳಿಯುವ ಹೊತ್ತಿಗೆ ಸಾಕಷ್ಟು ವರ್ಷ ಕಳೆದಿತ್ತು. ಒಬ್ಬರ ಮನೆಯ ಬಾವಿ ನೀರು ಸಪ್ಪೆ, ಇನ್ನೊಬ್ಬರ ಹಟ್ಟಿಯಲ್ಲಿ ನಾಯಿ ಬೊಗಳಿತು, ಮತ್ತೊಬ್ಬರು ಉಪ್ಪಿಟ್ಟಿಗೆ ಕರಿಬೇವು ಹಾಕಿಲ್ಲ. ನಾನು ಬಾಯಿ ಬಿಡುತ್ತಿರಲಿಲ್ಲ. ದೊಡ್ಡಪ್ಪನದೊಂದು ಕಟ್ಟುನಿಟ್ಟಿನ ನಿಯಮವಿತ್ತು, ಅದು ನಮ್ಮ ಕಡೆಯ ಪದ್ಧತಿಯೂ ಹೌದು: ಹೆಣ್ಣಿನ ಮನೆಯಲ್ಲಿ ತಿಂಡಿ ತಿನ್ನಬಹುದು, ಕಾಫಿ ಕುಡಿಯಬಹುದು, ಊಟ ಮಾತ್ರ ಮಾಡಬಾರದು. ಊಟ ಮಾಡಿದರೆ ಒಪ್ಪಿದಂತೆ. ಅವರು ಎಲ್ಲ ಮನೆಗಳಲ್ಲೂ ಕೇಸರಿಬಾತು ಮುಗಿಸಿ, ಊರಿಗೆ ಹೋಗಿ ತಿಳಿಸ್ತೀವಿ ಎಂದು ಎದ್ದುಬಿಡುತ್ತಿದ್ದರು.

ಹಾಗೆ ಒಂದು ಬೇಸಿಗೆಯಲ್ಲಿ ಹಿರಿಯೂರಿನಾಚೆಯ ಯಲ್ಲದಕೆರೆಗೆ ಹೋದೆವು. ಹೆಣ್ಣಿನ ಹೆಸರು ಗಿರಿಜ, ಅಂಗನವಾಡಿ ಟೀಚರು. ನಾನು ಎಂದಿನಂತೆ ಎಂಜಿನ್ ಚಾಲೂ ಬಿಟ್ಟು ಇಳಿದೆ. ಬಾಗಿಲಿಗೆ ಬಂದ ಹುಡುಗಿಯ ತಂದೆ ಕಾರಿನ ಸದ್ದನ್ನು ಕೇಳಿಸಿಕೊಂಡು, ಬಂದ ಕೂಡಲೇ ಹೊರಟು ನಿಂತಂಗೈತಲ್ಲ ಎಂದು ಮುಖ ಸಣ್ಣದು ಮಾಡಿದರು. ನನಗೆ ನಾಚಿಕೆಯಾಗಿ, ಓಡಿಹೋಗಿ ಆಫ್ ಮಾಡಿ ಬಂದೆ. ಗಿರಿಜ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು ಎದುರಿಗೇ ಕೂತಳು. ತಲೆ ತಗ್ಗಿಸಲಿಲ್ಲ. ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಹೊಡೀತೀರಾ ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ನನಗೆ ಅವಳು ಬಹಳ ಹಿಡಿಸಿದಳು. ಅಷ್ಟರಲ್ಲಿ ದೊಡ್ಡಪ್ಪ ಮನೆಯ ತೊಲೆಗಳನ್ನು ನೋಡತೊಡಗಿದ್ದರು, ಏನೋ ಕೊರತೆ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ಊರಿಗೆ ಹೋಗಿ ತಿಳಿಸ್ತೀವಿ ಎಂದು ಎದ್ದರು. ನಾನೂ ಮನಸ್ಸಿಲ್ಲದೆ ಎದ್ದು ಹೋಗಿ ಕೀಲಿ ತಿರುಗಿಸಿದೆ.

ಕಾರು ಸ್ಟಾರ್ಟ್ ಆಗಲಿಲ್ಲ.

ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಒಳಗಿನಿಂದ ಅವರೆಕಾಳಿನ ಸಾರಿನ ಘಮ ಬರುತ್ತಿತ್ತು. ಹುಡುಗಿಯ ತಂದೆ, ಎಲೆ ಹಾಕಿಸುತ್ತೇನೆ ಏಳ್ರಿ ಎಂದರು. ದೊಡ್ಡಪ್ಪ ಬೇಡವೇ ಬೇಡ ಎಂದರು. ಅರ್ಧ ಗಂಟೆ ಜಗಲಿಯ ಮೇಲೆ ಬೆವರಿದ ಮೇಲೆ ತುಸು ಮೆತ್ತಗಾಗಿ, ಊಟ ಬ್ಯಾಡ, ಒಂದು ಲೋಟ ಮಜ್ಜಿಗೆ ಕೊಡ್ರಿ ಎಂದರು. ಮಜ್ಜಿಗೆ ಬಂತು. ಲೋಟ ತುಟಿಗೆ ತಾಗುವಷ್ಟರಲ್ಲಿ ಹುಡುಗಿಯ ತಂದೆ ಬಹಳ ವಿನಯದಿಂದ ಒಂದು ಸಂದೇಹ ಮುಂದಿಟ್ಟರು. ಮಜ್ಜಿಗೆ ಬರುವುದು ಊಟದ ಕೊನೆಗಲ್ಲವೇ, ಕೊನೆಯದನ್ನು ಕುಡಿದರೆ ಊಟ ಮುಗಿದಂತೆಯೇ ಅಲ್ಲವೇ ಎಂದು. ದೊಡ್ಡಪ್ಪ ಬೆಚ್ಚಿ ಲೋಟವನ್ನು ಕೆಳಗಿಟ್ಟರು. ಜಗಲಿಗೆ ಬಂದು ಸೇರಿದ್ದ ಅಕ್ಕಪಕ್ಕದ ಹಿರಿಯರಲ್ಲಿ ಇದರ ಬಗ್ಗೆ ಎರಡು ಪಕ್ಷಗಳಾದವು. ಉಪ್ಪು ಹಾಕಿದ್ದರೆ ಊಟಕ್ಕೆ ಸೇರುತ್ತದೆ, ಹಾಕದಿದ್ದರೆ ಇಲ್ಲ ಎಂದು ಒಬ್ಬರು ತೀರ್ಪು ಕೊಟ್ಟರು. ಉಪ್ಪು ಹಾಕಿತ್ತು.

ನಾನು ಕಾರಿನ ಹತ್ತಿರ ಹೋಗಿ ಸುಮ್ಮನೆ ಒಳಗೆ ಕೂತೆ. ಈ ಗಲಾಟೆಯಲ್ಲಿ ಹೇಗಾದರೂ ಊಟ ನಡೆದುಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಆಗ ಗಿರಿಜ ಕಿಟಕಿಯ ಹತ್ತಿರ ಬಂದು ನಿಂತಳು.

"ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಹೇಳ್ರಿ. ಬಸ್ ಸ್ಟ್ಯಾಂಡಿನ ತಂಕ ನಮ್ಮ ಟ್ರ್ಯಾಕ್ಟರ್‌ನಾಗೆ ಬಿಡಿಸ್ತೀವಿ" ಎಂದಳು. "ಕಾರು ಕೆಟ್ಟೈತೆ ಅಂತ ಯಾರೂ ನನ್ನ ಮದ್ವೆ ಆಗೋದು ಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವಮಾನವಿತ್ತು. ಏನೂ ತೋಚದಾಗ ಕಾರಿನಲ್ಲಿ ಕೂತ ಮನುಷ್ಯ ಮಾಡುವುದನ್ನೇ ಮಾಡಿದೆ, ಕೀಲಿ ತಿರುಗಿಸಿದೆ. ಹಾಳಾದ್ದು, ತಣ್ಣಗಾಗಿತ್ತು. ಗುರ್ರೆಂದಿತು. ಜಗಲಿಯ ಚರ್ಚೆ ನಿಂತುಹೋಯಿತು. ದೊಡ್ಡಪ್ಪ ಬಾಣದ ಹಾಗೆ ಬಂದು ಪಕ್ಕದ ಸೀಟಿನಲ್ಲಿ ಕೂತು, ಹೋಗಾಣ ನಡಿ ಎಂದರು. ಗಿರಿಜ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ಅಷ್ಟು ವರ್ಷ ಎಲ್ಲಿಯೂ ಎಂಜಿನ್ ಆಫ್ ಮಾಡಲು ಹೆದರುತ್ತಿದ್ದವನು ನಾನು. ಅವಳ ಮುಖ ನೋಡುತ್ತಲೇ ಆಫ್ ಮಾಡಿದೆ.

"ಇಳಿ ದೊಡ್ಡಪ್ಪ," ಎಂದೆ, "ಊಟ ಮಾಡ್ಕಂಡು ಹೋಗಾಣ."

ಆ ಕಾರು ನಮ್ಮ ಮಗಳು ಶಾಲೆಗೆ ಸೇರುವ ತನಕ ನಮ್ಮ ಜೊತೆಗಿತ್ತು. ಆಮೇಲೆ ಬಿಡಿಭಾಗಗಳು ಬರುವುದು ನಿಂತು, ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರಿಗೆ ಅದರ ಕಾಯಿಲೆಯನ್ನೆಲ್ಲ ವಿವರಿಸಿ ಮಾರಿಬಿಟ್ಟೆ. ಅದು ತಿರುವಿನಲ್ಲಿ ಮರೆಯಾದಾಗ ನನಗೆ ಅಳು ಬಂತು. ಈಗಿನ ಕಾರುಗಳು ಯಾವಾಗ ಬೇಕಾದರೂ ಸ್ಟಾರ್ಟ್ ಆಗುತ್ತವೆ, ಅವುಗಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲ.

ನೆಂಟರಲ್ಲಿ ಮಾತ್ರ, ಕಾರು ಕೆಟ್ಟಿದ್ದರಿಂದ ನಾನು ಯಲ್ಲದಕೆರೆಯಲ್ಲಿ ಸಿಕ್ಕಿಹಾಕಿಕೊಂಡೆ ಎಂಬ ಕಥೆಯೇ ಇವತ್ತಿಗೂ ಚಾಲ್ತಿಯಲ್ಲಿದೆ. ಮೊನ್ನೆ ದೊಡ್ಡಪ್ಪನ ಮಗ ನಮ್ಮಲ್ಲಿ ಊಟಕ್ಕೆ ಕೂತು ಅದನ್ನೇ ಹೇಳಿ ನಕ್ಕ. ಕೆಟ್ಟಿರಲಿಲ್ಲ ಕಣೋ, ಓಡುತ್ತಿದ್ದ ಎಂಜಿನ್ನನ್ನು ನಾನೇ ಆಫ್ ಮಾಡಿದೆ ಎಂದೆ, ತುಸು ಎದೆಯುಬ್ಬಿಸಿಯೇ. ಅನ್ನ ಬಡಿಸುತ್ತಿದ್ದ ಗಿರಿಜ, "ಅದು ಖರೇ," ಎಂದಳು. "ನಿಮ್ಮಣ್ಣ ತಾವಾಗೇ ಆಫ್ ಮಾಡಿದ್ದು ಅಂದ್ರೆ ಅದೊಂದೇ. ಲೈಟು, ಫ್ಯಾನು, ಮೋಟರು ಎಲ್ಲ ಇವತ್ತಿಗೂ ನಾನೇ ಆಫ್ ಮಾಡ್ಬೇಕು."

ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋದೆ. ಟ್ಯಾಂಕು ತುಂಬಿ ನೀರು ಬೀದಿಯವರೆಗೆ ಹರಿದಿತ್ತು.