ಹೆಣ್ಣು ಕೊಡುವ ಮೊದಲೇ ಧನ್ಯವಾದ ಹೇಳಿಸಿದ ರೀಡ್‌ಡಿರ್ ಅವರ ಸನ್ನಿಧಿಗೆ

ಲಿನಕ್ಸ್ ಎಂಬ ಕಂಪ್ಯೂಟರ್ ಸಂಸ್ಥಾನದಲ್ಲಿ ಫೋಲ್ಡರುಗಳ ಬಾಗಿಲು ಕಾಯುತ್ತ, ಒಳಗೆ ಏನೇನಿದೆ ಎಂದು ಕೇಳಿದ ಪ್ರೋಗ್ರಾಮುಗಳಿಗೆಲ್ಲ ಒಂದೊಂದೇ ಫೈಲಿನ ಹೆಸರು ದಯಪಾಲಿಸುವ ಮಾನ್ಯ ರೀಡ್‌ಡಿರ್ ಅವರಿಗೆ, ಮಸಾಕಾ ಪಟ್ಟಣದ ಪುಟ್ಟ ಎಫ್ಎಂ ಕೇಂದ್ರದ ತಂತ್ರಜ್ಞ ಕಯೊಂಡೊ ತಲೆಬಾಗಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ, ನಮ್ಮ ಶನಿವಾರದ ಶುಭಾಶಯ ಕಾರ್ಯಕ್ರಮ ತಮಗೆ ಗೊತ್ತೇ ಇದೆ, ಅದನ್ನು ಕೆಡಿಸಿದವರು ತಾವೇ ಆದ್ದರಿಂದ. ಮದುವೆ ಕುದುರಿದ ಮನೆಯವರು ದನಿ ಮುದ್ರಿಸಿ ಕೊಡುತ್ತಾರೆ: ಒಂದನೆಯ ಫೈಲಿನಲ್ಲಿ ಸೆಂಗಾ, ಅಂದರೆ ಹುಡುಗಿಯ ಸೋದರತ್ತೆ, ವರನ ಪರಿಚಯ ಮಾಡುತ್ತಾಳೆ; ಎರಡನೆಯದರಲ್ಲಿ ತಂದೆ ಹೆಣ್ಣು ಕೊಡಲು ಒಪ್ಪುತ್ತಾನೆ; ಮೂರನೆಯದರಲ್ಲಿ ವರ ಧನ್ಯವಾದ ಹೇಳುತ್ತಾನೆ. ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವ ತಮ್ಮ ದಾಯಾದಿಯವರು ಇವನ್ನು ಹೆಸರಿನ ಕ್ರಮದಲ್ಲೇ ಕೊಡುತ್ತಿದ್ದರು. ಪ್ರೋಗ್ರಾಮನ್ನು ಲಿನಕ್ಸ್‌ಗೆ ಒಗ್ಗಿಸುವಾಗ ಅವರ ಜಾಗದಲ್ಲಿ ತಮ್ಮನ್ನು ಕೂರಿಸಿದೆ. ನನ್ನ ಮೇಜಿನ ಮೇಲೆ ಪರೀಕ್ಷಿಸಿದಾಗ ತಾವೂ ಒಂದು, ಎರಡು, ಮೂರು ಎಂದೇ ಒಪ್ಪಿಸಿದಿರಿ. ಆ ನಟನೆಗೆ ಚಪ್ಪಾಳೆ ಸಲ್ಲಬೇಕು.

ಮರುದಿನ ಶನಿವಾರ, ಅಂದಿನ ಕಾರ್ಯಕ್ರಮದ ವರ ನಾನೇ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ತಾವು ಮೂರನೆಯದನ್ನೇ ಮೊದಲು ಎತ್ತಿಕೊಟ್ಟಿರಿ. ನನ್ನ ಹುಡುಗಿ ನಂಟೊಂಗೊಳ ತಂದೆ ಲುಟ್ವಾಮಾ ಅವರ ಒಪ್ಪಿಗೆಗೆ ಮುಂಚೆಯೇ, "ಮಾವಯ್ಯಾ, ಮಗಳನ್ನ ಕೊಟ್ರಲ್ಲ, ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ" ಎಂಬ ನನ್ನ ದನಿ ಊರಿಗೆಲ್ಲ ಕೇಳಿಸಿತು. ಅವರು ಕಾಫಿ ಒಣಗಿಸುವ ಅಂಗಳದಿಂದಲೇ ಫೋನು ಮಾಡಿದರು: "ಏನಯ್ಯಾ, ನಾನ್ ಕೊಡೋಕ್ ಮುಂಚೇನೇ ತಗೊಂಡ್ಬಿಟ್ಯಾ? ಮುಂದಿನ್ ಶನಿವಾರ ಸರಿಯಾಗಿ ಹಾಕು. ಇನ್ನೊಂದ್ ಸಲ ಹಿಂಗಾದ್ರೆ ನಂಟೊಂಗೊ ನಮ್ಮನೇಲೇ ಇರ್ತಾಳೆ." ನಂಟೊಂಗೊ ನಕ್ಕು ನಕ್ಕು ಸುಸ್ತಾಗಿದ್ದಳು, ನಾನು ಮಾತ್ರ ತಪ್ಪು ಯಾರದೆಂದು ಹುಡುಕಲು ಹೊರಟೆ.

ತಮ್ಮಂಥ ದೊಡ್ಡವರ ಮೇಲೆ ಅನುಮಾನ ಪಡುವುದುಂಟೇ ಎಂದು, ಮೊದಲು ನಿರೂಪಕಿ ನಲ್ವೊಗಾಳನ್ನು ಕೇಳಿದೆ. "ನಾನ್ ಒತ್ತಿದ್ದು ಒಂದೇ ಗುಂಡಿ ಕಣೋ, ನಿನ್ ಮದ್ವೆ ಕೆಡಿಸಿ ನಂಗೇನ್ ಸಿಗುತ್ತೆ?" ಎಂದಳು. ಕೊನೆಗೆ ತಾವು ಕೊಟ್ಟ ಹೆಸರುಗಳನ್ನು ಬಂದ ಹಾಗೇ ಪರದೆಯ ಮೇಲೆ ಬರೆಸಿದೆ: ಮೂರು, ಒಂದು, ಎರಡು. ಕೈಪಿಡಿ ತೆರೆದರೆ, ಕ್ರಮದ ವಿಷಯದಲ್ಲಿ ತಾವು ಯಾರಿಗೂ ಮಾತು ಕೊಟ್ಟವರೇ ಅಲ್ಲವಂತೆ. ಮಾತೇ ಕೊಡದೆ ಮಾತಿಗೆ ತಪ್ಪದಿರುವ ತಮ್ಮ ಸತ್ಯನಿಷ್ಠೆ ನಮ್ಮ ಮುಖಂಡರಿಗೂ ಬರಲಿ! ಈಗ ಎಲ್ಲ ಹೆಸರುಗಳನ್ನೂ ತಮ್ಮಿಂದ ಪಡೆದು, ನಾನೇ ಸಾಲಾಗಿ ನಿಲ್ಲಿಸಿದ ಮೇಲಷ್ಟೇ ಪ್ರಸಾರ ಮಾಡುತ್ತೇನೆ. ಆದರೂ ತಾವೊಮ್ಮೆ ದಯಮಾಡಿಸಿ, ಬೇಯಿಸಿದ ಬಾಳೆಕಾಯಿಯ ಮಟೋಕೆ ಉಂಡು, ಲುಟ್ವಾಮಾ ಅವರೆದುರು ಚಾಪೆಯ ಮೇಲೆ ಕೂತು ತಪ್ಪೊಪ್ಪಿಕೊಳ್ಳಬೇಕೆಂದು ಪ್ರಾರ್ಥನೆ.

ನಿನ್ನೆ ಶನಿವಾರ ಎಲ್ಲವೂ ಕ್ರಮವಾಗಿ ಬಂತು. ಆದರೆ ಲುಟ್ವಾಮಾ ಅವರು ನನಗೆ ಹೇಳದೆ ಎರಡನೆಯದನ್ನು ಹೊಸದಾಗಿ ಮುದ್ರಿಸಿ ಕೊಟ್ಟಿದ್ದರು: "ಹುಡುಗನಿಗೆ ಆತುರ ಜಾಸ್ತಿ. ಯೋಚ್ನೆ ಮಾಡಿ ಹೇಳ್ತೀವಿ." ಅದರ ಬೆನ್ನಿಗೇ ನನ್ನ ಧನ್ಯವಾದ ಕಿಂಚಿತ್ತೂ ತಪ್ಪಿಲ್ಲದೆ ಪ್ರಸಾರವಾಯಿತು. ಇಡೀ ಮಸಾಕಾ ಇನ್ನೂ ನಗುತ್ತಿದೆ.

ಇನ್ನೂ ಅಳಿಯನಾಗದಿದ್ದರೂ ತಮ್ಮ ವಿಶ್ವಾಸಿಯಾದ,
ಕಯೊಂಡೊ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಲುಟ್ವಾಮಾ ಅವರು ಫೋನು ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಒಪ್ಪಿದರು. ಮದುವೆಗೆ ತಾವೂ ಬನ್ನಿ. ಫೋಟೋ ಆಲ್ಬಂ ಜೋಡಿಸಲು ಮಾತ್ರ ಕೈ ಹಾಕಬೇಡಿ. ತಮ್ಮ ಕೈಯಲ್ಲಿ ಮಗು ಮೊದಲು, ಮದುವೆ ಆಮೇಲೆ ಬಂದೀತು.